ತಲೆಗೆ ಪೆಟ್ಟು ಬಿದ್ದವಳನ್ನು ‘ಆಡ್ತೀಯಾ?’ ಎಂದು ಕೇಳಬೇಡಿ

ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಕರಪತ್ರಗಳೆಲ್ಲ ಒಂದೇ ಅಚ್ಚಿನವು. ಮೇಲೆ ಗ್ರಾಮದೇವತೆ ಪ್ರಸನ್ನ, ಪಕ್ಕದಲ್ಲಿ ಶಾಸಕರ ನಗುಮುಖ, ಕೆಳಗೆ ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್, ಪ್ರವೇಶ ಶುಲ್ಕ, ಆಟಗಾರರು ಆಧಾರ್ ಕಾರ್ಡ್ ತರತಕ್ಕದ್ದು. ಕಡೆಯಲ್ಲಿ ‘ತೀರ್ಪುಗಾರರ ತೀರ್ಮಾನವೇ ಅಂತಿಮ’. ಈ ಕಡೇ ಸಾಲನ್ನು ನಂಬಿಕೊಂಡೇ ನನ್ನಂಥವರು ವಿಸಲ್ ಕಚ್ಚಿಕೊಂಡು ಅಂಕಣದ ಪಕ್ಕ ನಿಲ್ಲುವುದು. ಕಾಲು ಗೆರೆ ದಾಟಿತೇ, ಬೋನಸ್ ಆಯಿತೇ, ರೈಡರ್ ಉಸಿರು ಬಿಟ್ಟಳೇ, ಎಲ್ಲದಕ್ಕೂ ನಾನು ಹೇಳಿದ್ದೇ ಕೊನೆ. ಆದರೆ ಒಬ್ಬ ಹುಡುಗಿ ತಲೆಗೆ ಮಂಡಿ ಬಡಿಸಿಕೊಂಡು ಬಿದ್ದು ಎದ್ದಾಗ ಅವಳು ಆಟ ಮುಂದುವರಿಸಬೇಕೋ ಬೇಡವೋ ಎನ್ನುವುದನ್ನು ಮಾತ್ರ ನಾನು ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ. ಅದನ್ನು ಅವಳ ಕೋಚ್ ಹೇಳುತ್ತಾರೆ, ಕ್ಯಾಪ್ಟನ್ ಹೇಳುತ್ತಾಳೆ, ಹಗ್ಗದಾಚೆ ನಿಂತ ಸೋದರಮಾವ ಹೇಳುತ್ತಾನೆ. ಕಡೆಗೆ ಅವಳನ್ನೇ ಕೇಳುತ್ತಾರೆ: ‘ಆಡ್ತೀಯೇನೇ?’ ಆಡಲ್ಲ ಎಂದ ಹುಡುಗಿಯನ್ನು ನಾನಿನ್ನೂ ನೋಡಿಲ್ಲ.

ಈ ಪ್ರಶ್ನೆಯನ್ನೇ ಕೇಳಬಾರದು ಎನ್ನುವುದು ನನ್ನ ವಾದ. ತಲೆಗೆ ಪೆಟ್ಟು ಬಿದ್ದು ಸ್ವಲ್ಪವೇ ಅನುಮಾನ ಬಂದರೂ ಆ ಆಟಗಾರ್ತಿ ಆ ದಿನ ಹೊರಗೆ. ಹೇಳುವವರು ತೀರ್ಪುಗಾರರು. ಅದಕ್ಕೆ ಮೇಲ್ಮನವಿ ಇಲ್ಲ.

ನಾನು ತಿಪಟೂರು–ಅರಸೀಕೆರೆ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿಟಿ ಮಿಸ್. ಹುಡುಗಿಯರ ಕಬಡ್ಡಿ ಟೀಮು ಕಟ್ಟುವುದು, ಶ್ರಾವಣದ ಹೊತ್ತಿಗೆ ವಲಯ ಮಟ್ಟಕ್ಕೆ ಕರೆದುಕೊಂಡು ಹೋಗುವುದು, ಗೆದ್ದರೆ ತಾಲ್ಲೂಕು, ಅಲ್ಲೂ ಗೆದ್ದರೆ ಜಿಲ್ಲೆ. ಬಿಡುವಿದ್ದಾಗ ಸುತ್ತಲಿನ ಊರುಗಳ ಪಂದ್ಯಾವಳಿಗೆ ತೀರ್ಪುಗಾರಳಾಗಿ ಹೋಗುತ್ತೇನೆ. ಹಾಗಾಗಿ ಇದು ಆಟ ಬೇಡ ಎನ್ನುವವಳ ಬರಹ ಅಲ್ಲ. ಕಾರ್ಕಳದ ಹೆರ್ಮುಂಡೆಯಂಥ ಹಳ್ಳಿಯಿಂದ ಹೊರಟ ಮಮತಾ ಪೂಜಾರಿ ಏಷ್ಯನ್ ಗೇಮ್ಸ್ ಚಿನ್ನ ತಂದು ಅರ್ಜುನ ಪ್ರಶಸ್ತಿ ಪಡೆದ ಫೋಟೊವನ್ನು ನನ್ನ ಸ್ಟೋರ್ ರೂಮಿನ ಬಾಗಿಲಿಗೆ ಅಂಟಿಸಿಕೊಂಡಿರುವವಳು ನಾನು.

ಕಬಡ್ಡಿಯಲ್ಲಿ ತಲೆಗೆ ಏಟು ಹೇಗೆ ಬೀಳುತ್ತದೆ ಎಂದು ಟಿವಿಯಲ್ಲಿ ನೋಡುವವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಕ್ಯಾಮೆರಾ ರೈಡರ್ ಮೇಲಿರುತ್ತದೆ. ಪೆಟ್ಟು ಹೆಚ್ಚು ಬೀಳುವುದು ಹಿಡಿಯುವವರಿಗೆ. ಮೂಲೆಯಲ್ಲಿ ನಿಂತ ಕಾರ್ನರ್ ಆಟಗಾರ್ತಿ ಆಂಕಲ್ ಹೋಲ್ಡ್‌ಗೆ ಹಾರಿದಾಗ ಅವಳ ತಲೆ ಎದುರಾಳಿಯ ಮಂಡಿಯ ಮಟ್ಟಕ್ಕೆ ಇಳಿದಿರುತ್ತದೆ. ರೈಡರ್ ಕಾಲು ಬಿಡಿಸಿಕೊಳ್ಳಲು ಕೊಡವುತ್ತಾಳೆ. ಆ ಮಂಡಿ ನೇರ ಕಪಾಲಕ್ಕೆ. ಇನ್ನೊಂದು ಚೈನ್. ಕೈ ಕೈ ಹಿಡಿದ ಇಬ್ಬರು ಒಂದೇ ಕ್ಷಣಕ್ಕೆ ರೈಡರ್ ಮೇಲೆ ಎರಗಿದರೆ ಇವರಿಬ್ಬರದ್ದೇ ಹಣೆ ಹಣೆ ಢಿಕ್ಕಿ. ಮೂರನೆಯದು ಡ್ಯಾಶ್. ಓಡಿ ಬಂದು ಭುಜ ಕೊಟ್ಟು ಗೆರೆಯಾಚೆ ತಳ್ಳುವುದು. ಬಿದ್ದವಳ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಮಣ್ಣಿನ ಅಂಕಣಕ್ಕೆ ಉಪ್ಪು, ಮರಳು, ಮರದ ಹೊಟ್ಟು ಹಾಕಿ ಹದ ಮಾಡಿದ್ದರೆ ಪುಣ್ಯ. ಮೂರು ದಿನದ ಬಿಸಿಲಿಗೆ ಗಟ್ಟಿಯಾದ ಶಾಲೆ ಮೈದಾನವಾದರೆ ಅದೂ ಇಲ್ಲ.

ಬಿದ್ದವಳಿಗೆ ನಾವು ಮಾಡುವ ಉಪಚಾರ ನೋಡಬೇಕು. ಮುಖಕ್ಕೆ ನೀರು ಎರಚುವುದು, ನೆತ್ತಿಗೆ ತಣ್ಣೀರು ತಟ್ಟುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಕೈಕಾಲು ಹಿಡಿದು ಎತ್ತಿ ಪಕ್ಕಕ್ಕೆ ಸಾಗಿಸುವುದು. ಮಂಡಿಗೆ ಹೊಡೆಯುವ ನೋವಿನ ಸ್ಪ್ರೇಯನ್ನು ಹಣೆಗೆ ಹೊಡೆದವರನ್ನೂ ಕಂಡಿದ್ದೇನೆ. ಕಣ್ಣು ಉರಿದು ಆ ಹುಡುಗಿ ದಡಕ್ಕನೆ ಎದ್ದು ಕೂತಳು. ‘ನೋಡಿ, ಎದ್ಲು’ ಎಂದು ಸ್ಪ್ರೇಯವನು ಹೆಮ್ಮೆಪಟ್ಟ.

ತಲೆಯೊಳಗೆ ನಡೆಯುವುದನ್ನು ನಾನು ಮಕ್ಕಳಿಗೆ ಹೇಳಿಕೊಡುವುದು ನಮ್ಮ ಊರಿನ ಉಂಡೆ ಕೊಬ್ಬರಿ ಇಟ್ಟುಕೊಂಡು. ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಗಿಟುಕು ಗಡಗಡ ಎನ್ನುತ್ತದಲ್ಲ, ಚಿಪ್ಪಿಗೆ ಏನೂ ಆಗದೆ ಒಳಗಿನದು ಚಿಪ್ಪಿಗೆ ಬಡಿಯುತ್ತದಲ್ಲ, ಹಾಗೆ. ಮೆದುಳು ಅಷ್ಟು ಸಡಿಲವಾಗಿಲ್ಲ, ಸುತ್ತ ದ್ರವ ಇದೆ. ಆದರೆ ತಲೆ ಗಕ್ಕನೆ ನಿಂತಾಗ, ಅದಕ್ಕಿಂತ ಹೆಚ್ಚಾಗಿ ಗಿರ್ರನೆ ತಿರುಗಿದಾಗ, ಒಳಗಿನ ಮೆತ್ತನೆಯ ಅಂಗ ಹಿಂಡಿ ಹಿಗ್ಗುತ್ತದೆ, ನರತಂತುಗಳು ಜಗ್ಗುತ್ತವೆ. ಕನ್‌ಕಷನ್ ಎನ್ನುವುದು ಇದಕ್ಕೇ. ತಲೆಗೆ ನೇರ ಏಟು ಬೀಳಲೇಬೇಕೆಂದಿಲ್ಲ, ಎದೆಗೆ ಬಿದ್ದ ಡ್ಯಾಶ್‌ನಿಂದ ಕತ್ತು ಝಾಡಿಸಿದರೂ ಸಾಕು. ಪ್ರಜ್ಞೆಯೂ ತಪ್ಪಬೇಕಾಗಿಲ್ಲ, ಹೆಚ್ಚಿನವರಿಗೆ ತಪ್ಪುವುದಿಲ್ಲ. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ, ಒಳಗಿನ ಈ ಕುಲುಕಾಟವನ್ನು ಪೂರ್ತಿ ತಡೆಯಲಾರದು. ಪುರುಷರ ಅಮೆಚೂರ್ ಬಾಕ್ಸಿಂಗ್‌ನಲ್ಲಿ 2013ರಲ್ಲಿ ತಲೆಗವಚವನ್ನೇ ತೆಗೆದುಹಾಕಿದರು. ರಿಯೊ ಒಲಿಂಪಿಕ್ಸ್‌ನಲ್ಲಿ ಗಂಡಸರು ಬರಿ ತಲೆಯಲ್ಲೇ ಗುದ್ದಾಡಿದ್ದು ನೆನಪಿರಬಹುದು.

ರಕ್ತ ಬಂದರೆ ನಮಗೆ ಅರ್ಥವಾಗುತ್ತದೆ. ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿತೋ, ಅಲ್ಲಿಗೆ ಮುಗಿಯಿತು. ಇನ್ನೊಂದು ಏಟಿಗೆ ಅವಕಾಶವಿಲ್ಲ. ಅಷ್ಟು ಭಯಂಕರ ಕಾಳಗಕ್ಕೆ ನಮ್ಮ ಹಿಂದಿನವರು ಅಷ್ಟು ಕಟ್ಟುನಿಟ್ಟಿನ ನಿಲುಗಡೆ ಇಟ್ಟಿದ್ದರು. ಕಬಡ್ಡಿಯಲ್ಲೂ ಹುಬ್ಬು ಸೀಳಿದರೆ ನಾನು ವಿಸಲ್ ಊದುತ್ತೇನೆ, ಮ್ಯಾಟ್ ಒರೆಸುತ್ತಾರೆ, ಬ್ಯಾಂಡೇಜ್ ಸುತ್ತುತ್ತಾರೆ, ಯಾರೂ ತಕರಾರು ಎತ್ತುವುದಿಲ್ಲ. ಹುಬ್ಬಿನ ಗಾಯ ಹೊಲಿಗೆ ಹಾಕಿದರೆ ವಾರದಲ್ಲಿ ಕೂಡಿಕೊಳ್ಳುತ್ತದೆ. ಕೂಡಿಕೊಳ್ಳುವುದಕ್ಕೆ ಆಟ ನಿಲ್ಲಿಸುತ್ತೇವೆ, ಕೂಡಿಕೊಳ್ಳದೆ ಹೋಗಬಹುದಾದದ್ದಕ್ಕೆ ಚಪ್ಪಾಳೆ ತಟ್ಟಿ ಒಳಗೆ ಕಳಿಸುತ್ತೇವೆ.

ಕೆಲವು ವರ್ಷಗಳ ಹಿಂದಿನ ಒಂದು ಸೆಮಿಫೈನಲ್ ಹೇಳುತ್ತೇನೆ. ಊರು, ಶಾಲೆ ಬೇಡ. ರೆಫ್ರಿ ನಾನೇ. ಒಂದು ತಂಡದ ಲೆಫ್ಟ್ ಕಾರ್ನರ್ ಹತ್ತನೇ ಕ್ಲಾಸಿನ ಹುಡುಗಿ, ತೆಳ್ಳಗೆ, ಚಿರತೆ ಎಂದೇ ಹೆಸರು. ಎರಡನೇ ಅರ್ಧದಲ್ಲಿ ಆಂಕಲ್‌ಗೆ ಹಾರಿದಳು. ಎದುರಿನವಳ ಮಂಡಿ ಇವಳ ಕಿವಿಯ ಮೇಲಕ್ಕೆ ಬಡಿಯಿತು. ಹಿಡಿತ ಬಿಡಲಿಲ್ಲ, ಪಾಯಿಂಟ್ ಬಂತು, ಸೀಟಿಯೋ ಸೀಟಿ. ನಗುತ್ತಲೇ ಎದ್ದು ಮಣ್ಣು ಕೊಡವಿಕೊಂಡಳು. ಎರಡು ರೈಡ್ ಆದ ಮೇಲೆ ಟಚ್ ಆಗಿ ಔಟಾಗಿ ಸಿಟಿಂಗ್ ಬ್ಲಾಕ್‌ನಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅವರ ತಂಡಕ್ಕೆ ಒಂದು ಪಾಯಿಂಟ್ ಬಂದು ಒಬ್ಬಳು ರಿವೈವ್ ಆಗಬೇಕು. ಮೊದಲು ಔಟಾದವಳು ಮೊದಲು ಒಳಗೆ, ಮೂರನೇ ಕ್ಲಾಸಿನ ಮಗುವಿಗೂ ಗೊತ್ತಿರುವ ನಿಯಮ. ಇವಳದು ಮೂರನೇ ಸರದಿ. ಇವಳೇ ಎದ್ದು ಬಂದುಬಿಟ್ಟಳು. ಅಸಿಸ್ಟೆಂಟ್ ಸ್ಕೋರರ್ ಕೂಗಿದ. ಜನ ನಕ್ಕರು, ಆಡೋ ಹುಮ್ಮಸ್ಸು ನೋಡ್ರೋ ಎಂದು. ಅವಳು ನಗಲಿಲ್ಲ. ಯಾಕೆ ಕೂಗುತ್ತಿದ್ದಾರೆ ಎನ್ನುವುದು ಅವಳಿಗೆ ತಿಳಿದಂತೆ ಕಾಣಲಿಲ್ಲ.

ಟೈಮ್ ಔಟ್ ಕೊಟ್ಟು ಹತ್ತಿರ ಹೋದೆ. ಆಸ್ಟ್ರೇಲಿಯಾದ ಫುಟ್‌ಬಾಲ್ ಮೈದಾನಗಳಲ್ಲಿ ಹುಟ್ಟಿದ ಕೆಲವು ಪ್ರಶ್ನೆಗಳಿವೆ, ಮ್ಯಾಡಕ್ಸ್ ಪ್ರಶ್ನೆಗಳು ಎನ್ನುತ್ತಾರೆ. ನಿನ್ನ ಹೆಸರೇನು, ಊರೇನು ಎಂದು ಕೇಳಿ ಪ್ರಯೋಜನವಿಲ್ಲ. ಹಳೇ ನೆನಪು ಗಟ್ಟಿಯಾಗಿರುತ್ತದೆ. ಈಗಷ್ಟೇ ನಡೆದದ್ದನ್ನು ಕೇಳಬೇಕು. ‘ಯಾವ ಟೀಮ್ ಮೇಲೆ ಆಡ್ತಿದ್ದೀಯಮ್ಮ?’ ಎಂದೆ. ಬೆಳಿಗ್ಗೆ ಸೋಲಿಸಿದ್ದ ಟೀಮಿನ ಹೆಸರು ಹೇಳಿದಳು. ‘ಕೊನೇ ಪಾಯಿಂಟ್ ಯಾರು ತಗೊಂಡ್ರು?’ ಸುಮ್ಮನಿದ್ದಳು. ‘ಫಸ್ಟ್ ಹಾಫಾ, ಸೆಕೆಂಡ್ ಹಾಫಾ?’ ‘ಮಿಸ್, ನಾನು ಆಡ್ತೀನಿ ಮಿಸ್’ ಎಂದಳು.

ಹೊರಗೆ ಕಳಿಸಿದೆ. ಅವರ ಕೋಚ್ ಒಳಗೇ ಬಂದರು. ‘ಮೇಡಂ, ಬೆಳಿಗ್ಗೆಯಿಂದ ಸರಿಯಾಗಿ ಊಟ ಮಾಡಿಲ್ಲ ಅವಳು, ಅದಕ್ಕೆ ಹಂಗೆ. ಗ್ಲೂಕೋಸ್ ಕೊಡ್ತೀನಿ.’ ಕಮಿಟಿಯವರು ಬಂದರು. ‘ಮೇಡಮ್ನೋರೆ, ಅವರ ಊರವರೇ ನೂರಾರು ಜನ ಬಂದವ್ರೆ, ಗಲಾಟೆ ಆಯ್ತದೆ, ಒಸಿ ನೋಡಿ.’ ಹುಡುಗಿ ಬೆಂಚಿನ ಮೇಲೆ ಕೂತು ಅಳುತ್ತಿದ್ದಳು. ಆ ತಂಡ ಎರಡು ಪಾಯಿಂಟ್‌ನಲ್ಲಿ ಸೋತಿತು. ವಾಪಸು ಹೋಗುವಾಗ ಟೆಂಪೊದಲ್ಲಿ ಅವಳು ಎರಡು ಸಲ ವಾಂತಿ ಮಾಡಿದಳಂತೆ. ಮರುದಿನ ತಲೆಯ ಸ್ಕ್ಯಾನ್ ಆಯಿತು. ವಾರದ ಮೇಲೆ ಅದೇ ಕೋಚ್ ಫೋನ್ ಮಾಡಿದರು: ‘ಸ್ಕ್ಯಾನ್ ನಾರ್ಮಲ್ ಬಂದಿದೆ ಮೇಡಂ. ಸುಮ್ನೆ ಒಂದು ಫೈನಲ್ ಹೋಯ್ತು.’

ಈ ‘ಸ್ಕ್ಯಾನ್ ನಾರ್ಮಲ್’ ಎಂಬ ಎರಡು ಮಾತು ಮಾಡಿದಷ್ಟು ಅನಾಹುತವನ್ನು ಬೇರೇನೂ ಮಾಡಿರಲಾರದು. ಸಿಟಿ ಸ್ಕ್ಯಾನ್ ಹುಡುಕುವುದು ರಕ್ತಸ್ರಾವ, ಬುರುಡೆಯ ಬಿರುಕು, ಬಾವು ಇಂಥವನ್ನು. ಅವು ಇಲ್ಲವೆಂದರೆ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಒಳ್ಳೆಯದೇ. ಆದರೆ ಕನ್‌ಕಷನ್ ಆದವರ ಸ್ಕ್ಯಾನ್ ಸಾಮಾನ್ಯವಾಗಿ ನಾರ್ಮಲ್ ಆಗಿಯೇ ಇರುತ್ತದೆ. ಏಕೆಂದರೆ ಕೆಟ್ಟಿರುವುದು ಅದರ ಕಣ್ಣಿಗೆ ಬೀಳದಷ್ಟು ಸೂಕ್ಷ್ಮವಾದದ್ದು. ಆ ಹುಡುಗಿಯ ಕ್ಲಾಸ್ ಟೀಚರ್ ನನಗೆ ಪರಿಚಯದವರು. ಅವರು ಹೇಳಿದ್ದಿಷ್ಟು. ಓದಿದ ಸಾಲನ್ನೇ ಮತ್ತೆ ಓದುತ್ತಿದ್ದಳು. ಕಿಟಕಿ ಪಕ್ಕದ ಜಾಗ ಬೇಡ, ಬೆಳಕು ಚುಚ್ಚುತ್ತದೆ ಎನ್ನುತ್ತಿದ್ದಳು. ಮಧ್ಯಾಹ್ನದ ಬಿಸಿಯೂಟದ ಗಲಾಟೆಗೆ ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು. ಅರ್ಧವಾರ್ಷಿಕ ಪರೀಕ್ಷೆ ಹೊತ್ತಿಗೆ ಸರಿಹೋದಳು. ವಾಂತಿಯಾದ ಆ ಹುಡುಗಿಯನ್ನು ಸಂಜೆ ಫೈನಲ್‌ನಲ್ಲಿ ನಿಲ್ಲಿಸಿದ್ದರೆ ಏನಾಗುತ್ತಿತ್ತು ಎಂದು ಯಾರೂ ನನ್ನನ್ನು ಕೇಳಲಿಲ್ಲ. ಫೈನಲ್ ಹೋದ ಲೆಕ್ಕ ಮಾತ್ರ ಇವತ್ತಿಗೂ ಕೇಳುತ್ತಾರೆ.

ಏನಾಗಬಹುದು ಎನ್ನುವುದಕ್ಕೆ ಉದಾಹರಣೆಗಳಿವೆ. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜಾಕರಿ ಲೈಸ್ಟೆಡ್ ಎಂಬ 13 ವರ್ಷದ ಹುಡುಗ ಶಾಲಾ ಫುಟ್‌ಬಾಲ್ ಆಡುತ್ತ ತಲೆಗೆ ಪೆಟ್ಟು ತಿಂದ. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಆಡಿಸಿದರು. ಆಟ ಮುಗಿಯುತ್ತಿದ್ದಂತೆ ಕುಸಿದ. ಜೀವ ಉಳಿಯಿತು, ನಡಿಗೆ ಮಾತು ಎರಡನ್ನೂ ಹೊಸದಾಗಿ ಕಲಿಯಬೇಕಾಯಿತು. 2011ರಲ್ಲಿ ಉತ್ತರ ಐರ್ಲೆಂಡ್‌ನಲ್ಲಿ 14ರ ಹುಡುಗನೊಬ್ಬ ಶಾಲಾ ರಗ್ಬಿ ಪಂದ್ಯದಲ್ಲಿ ಒಂದಕ್ಕಿಂತ ಹೆಚ್ಚು ಸಲ ತಲೆಗೆ ಏಟು ತಿಂದು, ಆದರೂ ಆಡಿ, ಅದರಿಂದಲೇ ತೀರಿಕೊಂಡ. ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳದ ಮೆದುಳಿಗೆ ಎರಡನೆಯದು ಬಿದ್ದರೆ, ಅದು ಸಣ್ಣದೇ ಇರಲಿ, ಮೆದುಳು ಹತೋಟಿ ತಪ್ಪಿ ಊದಿಕೊಳ್ಳುವುದುಂಟು. ಅಪರೂಪ, ಆದರೆ ಆದಾಗ ಹೆಚ್ಚಾಗಿ ಎಳೆಯರಿಗೇ ಆಗಿದೆ. ನಮ್ಮಲ್ಲೇ, 2022ರ ಜುಲೈಯಲ್ಲಿ, ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ ಯುವಕ ಮುಖಕ್ಕೆ ಬಿದ್ದ ಹೊಡೆತಕ್ಕೆ ಕುಸಿದು ಆಸ್ಪತ್ರೆಯಲ್ಲಿ ತೀರಿಕೊಂಡ. ನಾಲ್ಕು ದಿನ ಸುದ್ದಿ, ಪೊಲೀಸ್ ಕೇಸು, ಆಮೇಲೆ ಎಲ್ಲರೂ ಮರೆತರು.

ಲೈಸ್ಟೆಡ್ ಹುಡುಗನ ಹೆಸರಲ್ಲಿ 2009ರಲ್ಲಿ ಆ ರಾಜ್ಯ ಕಾಯ್ದೆ ಮಾಡಿತು. ಅನುಮಾನ ಬಂದರೆ ಕೂಡಲೇ ಹೊರಗೆ, ವೈದ್ಯರ ಲಿಖಿತ ಒಪ್ಪಿಗೆ ಇಲ್ಲದೆ ಒಳಗಿಲ್ಲ, ವರ್ಷಕ್ಕೊಮ್ಮೆ ತಂದೆತಾಯಿಗೆ ತಿಳಿಸಿ ಸಹಿ ಪಡೆಯಬೇಕು. 2014ರ ಹೊತ್ತಿಗೆ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಇಂಥ ಕಾಯ್ದೆ ಬಂದಿತ್ತು. ಆಡುವವರು ಮಕ್ಕಳು ಎನ್ನುವ ಕಾರಣಕ್ಕೇ ಅಷ್ಟು ಬೇಗ ಬಂತು.

ದೊಡ್ಡವರ ವಿಷಯದಲ್ಲಿ ಅದೇ ದೇಶ ಎಷ್ಟು ತಡಮಾಡಿತು ಎನ್ನುವುದು ಬೇರೆ ಕಥೆ. ನ್ಯೂಜೆರ್ಸಿಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯ, ಏಟು ತಿಂದು ತಿಂದು ಕುಡುಕರಂತೆ ತೂರಾಡುವ ಹಳೇ ಬಾಕ್ಸರ್‌ಗಳ ಬಗ್ಗೆ 1928ರಲ್ಲೇ ಬರೆದಿದ್ದ. ಅದು ಬಾಕ್ಸರ್‌ಗಳ ಹಣೆಬರಹ ಎಂದು ಉಳಿದ ಆಟಗಳವರು ಕೈತೊಳೆದುಕೊಂಡರು. 2002ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಮೈಕ್ ವೆಬ್‌ಸ್ಟರ್ ತೀರಿಕೊಂಡ. ನಾಲ್ಕು ಸೂಪರ್‌ಬೌಲ್ ಗೆದ್ದವನು, ಕೊನೆಗಾಲದಲ್ಲಿ ನೆನಪು ಕೆಟ್ಟು, ಮನೆಯಿಲ್ಲದೆ ತನ್ನ ಟ್ರಕ್ಕಿನಲ್ಲಿ ಮಲಗುತ್ತಿದ್ದವನು, ವಯಸ್ಸು 50. ಶವಪರೀಕ್ಷೆಗೆ ಬಂದ ನೈಜೀರಿಯಾ ಮೂಲದ ಡಾ. ಬೆನೆಟ್ ಒಮಾಲು ಮೆದುಳನ್ನು ಕೈಯಲ್ಲಿ ಹಿಡಿದು ನೋಡಿದರೆ ಏನೂ ಇಲ್ಲ, ನಾರ್ಮಲ್. ಆತ ಅಷ್ಟಕ್ಕೇ ಬಿಡಲಿಲ್ಲ. ತೆಳುವಾಗಿ ಸೀಳಿ ಬಣ್ಣ ಹಾಕಿಸಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಟೌ ಎಂಬ ಪ್ರೋಟೀನಿನ ಗಂಟುಗಳು ಕಂಡವು. ಸಿಟಿಇ ಎಂದು ಈಗ ಕರೆಯುವ ಕಾಯಿಲೆ ಅದು. ಸತ್ತ ಮೇಲೆ ಮೆದುಳು ಬಿಚ್ಚಿ ನೋಡಿದರೆ ಮಾತ್ರ ಖಚಿತವಾಗುವಂಥದ್ದು. 2005ರಲ್ಲಿ ಆತ ಪ್ರಬಂಧ ಪ್ರಕಟಿಸಿದಾಗ ಫುಟ್‌ಬಾಲ್ ಲೀಗ್‌ನ ವೈದ್ಯರು ಅದನ್ನು ಹಿಂತೆಗೆದುಕೊಳ್ಳಬೇಕೆಂದು ಪಟ್ಟು ಹಿಡಿದರು. ಹತ್ತು ವರ್ಷವೂ ತುಂಬುವ ಮೊದಲು, 2013ರಲ್ಲಿ, ಅದೇ ಲೀಗ್ ಮೊಕದ್ದಮೆ ಹೂಡಿದ್ದ ಸಾವಿರಾರು ಮಾಜಿ ಆಟಗಾರರಿಗೆ 76.5 ಕೋಟಿ ಡಾಲರ್ ಕೊಡಲು ಒಪ್ಪಿತು. ತಪ್ಪು ಮಾತ್ರ ಒಪ್ಪಿಕೊಳ್ಳಲಿಲ್ಲ.

ವೆಬ್‌ಸ್ಟರ್ ತೀರಿಕೊಂಡ 2002ರಲ್ಲೇ ಇಂಗ್ಲೆಂಡಿನಲ್ಲಿ ಜೆಫ್ ಆಸ್ಟಲ್ ಎಂಬ ಫುಟ್‌ಬಾಲ್ ಆಟಗಾರ 59ಕ್ಕೆ ಹೋದ. ತಲೆಯಿಂದ ಗೋಲು ಹೊಡೆಯುವುದರಲ್ಲಿ ನಿಸ್ಸೀಮ. ಸಾವಿಗೆ ಕಾರಣ ಹುಡುಕಿದ ಅಧಿಕಾರಿ, ಚೆಂಡಿಗೆ ತಲೆ ಕೊಟ್ಟೂ ಕೊಟ್ಟೂ ಬಂದ ‘ಉದ್ಯೋಗಜನ್ಯ ಕಾಯಿಲೆ’ ಎಂದು ತೀರ್ಪಿತ್ತರು. ಆಸ್ಟಲ್ ಪ್ರಕರಣ ನನಗೆ ಹೆಚ್ಚು ದಿಗಿಲು ಹುಟ್ಟಿಸುತ್ತದೆ. ಏಕೆಂದರೆ ಅಲ್ಲಿ ಕೆಡಿಸಿದ್ದು ಬಿದ್ದು ಎದ್ದ ಒಂದು ದೊಡ್ಡ ಏಟಲ್ಲ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಾವಿರ ಸಣ್ಣ ಏಟು. 2019ರಲ್ಲಿ ಗ್ಲಾಸ್ಗೊದ ಸಂಶೋಧಕರು ಸ್ಕಾಟ್ಲೆಂಡಿನ ಏಳು ಸಾವಿರಕ್ಕೂ ಹೆಚ್ಚು ಮಾಜಿ ವೃತ್ತಿಪರ ಆಟಗಾರರ ದಾಖಲೆ ತೆಗೆದು ನೋಡಿದರು. ಮರೆವಿನ ಕಾಯಿಲೆಯಂಥ ಮೆದುಳು ಸವೆಯುವ ರೋಗಗಳಿಂದ ಸಾಯುವ ಸಂಭವ ಅವರಲ್ಲಿ ಉಳಿದವರಿಗಿಂತ ಸುಮಾರು ಮೂರೂವರೆ ಪಟ್ಟು. ಮರುವರ್ಷವೇ ಅಲ್ಲಿ 12ರ ಒಳಗಿನ ಮಕ್ಕಳಿಗೆ ಅಭ್ಯಾಸದಲ್ಲಿ ತಲೆಯಿಂದ ಚೆಂಡು ಹೊಡೆಯುವುದನ್ನು ನಿಲ್ಲಿಸಿದರು, ಆಟ ನಿಲ್ಲಿಸಲಿಲ್ಲ. ಅದೇ ಅಧ್ಯಯನದಲ್ಲಿ ಹೃದಯದ ಕಾಯಿಲೆಯಿಂದ ಸತ್ತವರು ಆಟಗಾರರಲ್ಲೇ ಕಡಿಮೆ ಎಂಬುದೂ ಇದೆ. ಇಂಥ ಸುದ್ದಿ ಬಂದಾಗ ಅರ್ಧ ಮಾತ್ರ ಓದುವವರಿದ್ದಾರೆ, ಆದ್ದರಿಂದ ಹೇಳಿದೆ.

ಬೋಸ್ಟನ್‌ನ ಇನ್ನೊಂದು ಅಂಕಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಂಡಿರುತ್ತೀರಿ. ಅಮೆರಿಕದ ಲೀಗ್ ಆಡಿದ 111 ಮಂದಿಯ ಮೆದುಳಿನಲ್ಲಿ 110ರಲ್ಲಿ ಸಿಟಿಇ. ನಿಜವೇ, 2017ರದ್ದು. ಆದರೆ ಅವು ಕುಟುಂಬದವರು ಅನುಮಾನ ಬಂದು ದಾನ ಕೊಟ್ಟ ಮೆದುಳುಗಳು. ಆಡಿದವರೆಲ್ಲರಿಗೂ ಹಾಗೇ ಆಗುತ್ತದೆ ಎಂದು ಅರ್ಥವಲ್ಲ. ಕಬಡ್ಡಿ ಆಡಿದರೆ ಸಿಟಿಇ ಬರುತ್ತದೆ ಎಂದು ನಾನೂ ಹೇಳುತ್ತಿಲ್ಲ. ಆದರೆ ಸಂಜೆ ಹೊತ್ತು ಮಣ್ಣಲ್ಲಿ ಆಡುತ್ತಿದ್ದ ಆಟ ಈಗ ಬದಲಾಗಿದೆ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಹುಡುಗರು ಹದಿನಾಲ್ಕಕ್ಕೇ ಅಕಾಡೆಮಿ ಸೇರುತ್ತಾರೆ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಡ್ಯಾಶ್ ಹೊಡೆಯುತ್ತಾರೆ. ಬಿದ್ದ ಏಟಿನ ಲೆಕ್ಕವನ್ನು ಅವರ ಯಾವ ರಿಜಿಸ್ಟರಿನಲ್ಲೂ ನಾನು ಕಂಡಿಲ್ಲ. ಪುಷ್‌ಅಪ್ ಲೆಕ್ಕ ಇದೆ. ನಮ್ಮ ರಾಜ್ಯದಲ್ಲೇ ನಿಮ್ಹಾನ್ಸ್ ಇದೆ, ಅಲ್ಲಿ ಮೆದುಳು ಸಂಗ್ರಹಿಸಿ ಅಧ್ಯಯನ ಮಾಡುವ ಬ್ಯಾಂಕೇ ಇದೆ. ಕಬಡ್ಡಿ, ಕುಸ್ತಿ, ಬಾಕ್ಸಿಂಗ್ ಆಡಿದ ನಮ್ಮವರನ್ನು ಸಾಲಾಗಿ ಕೂರಿಸಿ ಅವರ ನೆನಪು, ನಡಿಗೆ, ನಿದ್ದೆ ಪರೀಕ್ಷಿಸುವುದಕ್ಕೆ ಸರ್ಕಾರ ಹಣ ಕೊಡಬೇಕು. ಸನ್ಮಾನಕ್ಕೆ ಕೊಡುವ ಪೇಟ, ಹಾರದ ಖರ್ಚಿನಲ್ಲೇ ಶುರು ಮಾಡಬಹುದು.

‘ನಮ್ಮ ಕಾಲದಲ್ಲಿ ಎಷ್ಟು ಬಿದ್ದಿಲ್ಲ, ಏನಾಯ್ತು?’ ಎನ್ನುವ ಹಿರಿಯ ಆಟಗಾರರಿಗೆ ನನ್ನ ಹತ್ತಿರ ಉತ್ತರವಿಲ್ಲ ಎಂದಲ್ಲ. ಉತ್ತರ ಕೊಟ್ಟರೆ ಅವರ ಮನೆಯವರಿಗೆ ನೋವಾಗುತ್ತದೆ. 2003ರಲ್ಲಿ ಇಂಗ್ಲೆಂಡಿಗೆ ರಗ್ಬಿ ವಿಶ್ವಕಪ್ ಗೆದ್ದುಕೊಟ್ಟ ತಂಡದ ಸ್ಟೀವ್ ಥಾಂಪ್ಸನ್, 42ರ ವಯಸ್ಸಿಗೆ ಮರೆವಿನ ಕಾಯಿಲೆ ತಗುಲಿ, ಆ ಕಪ್ ಗೆದ್ದದ್ದೇ ತನಗೆ ನೆನಪಿಲ್ಲ ಎಂದ. ಅಷ್ಟು ಸಾಕು.

ಹೆಚ್ಚು ಯೋಚಿಸಬೇಕಾದ ಆಕ್ಷೇಪ ಬೇರೆಯದು, ಅದು ನನ್ನ ಸಹೋದ್ಯೋಗಿಗಳದೇ. ‘ತಲೆ, ಮೆದುಳು ಅಂತ ಬರೆದರೆ ಇರೋ ನಾಲ್ಕು ಹುಡುಗೀರನ್ನೂ ತಾಯಂದಿರು ಕಳಿಸಲ್ಲ ಮೇಡಂ.’ ನಿಜ. ಶಾರ್ಟ್ಸ್ ಹಾಕಿಸಲು ಒಂದು ವರ್ಷ, ರಾತ್ರಿ ತಂಗಲು ಒಪ್ಪಿಸಲು ಇನ್ನೊಂದು ವರ್ಷ ತೆಗೆದುಕೊಂಡ ಊರುಗಳಿವು. ಜೊತೆಗೆ, ಹೋಲಿಸಬಹುದಾದ ಆಟಗಳಲ್ಲಿ ಹುಡುಗಿಯರಿಗೆ ಕನ್‌ಕಷನ್ ಹೆಚ್ಚು, ಚೇತರಿಕೆ ನಿಧಾನ ಎಂದು ಅಧ್ಯಯನಗಳು ಹೇಳುತ್ತವೆ. ಅದನ್ನೂ ಹೇಳಿದರೆ ಮುಗಿದೇ ಹೋಯಿತು ಎಂದು ಅವರ ಭಯ. ನನ್ನ ಅನುಭವ ಬೇರೆ. ತಾಯಂದಿರು ಹೆದರುವುದು ಅಪಾಯಕ್ಕಲ್ಲ. ತೋಟದಲ್ಲಿ ಹಾವಿದೆ ಎಂದು ಗೊತ್ತಿದ್ದೇ ಮಕ್ಕಳನ್ನು ಕಾಯಿ ಆಯಲು ಕಳಿಸುತ್ತಾರೆ. ಮಗಳಿಗೆ ಏನಾದರೂ ಆದರೆ ಅಲ್ಲಿ ನೋಡುವವರು ಯಾರೂ ಇರುವುದಿಲ್ಲ ಎನ್ನುವುದಕ್ಕೆ ಹೆದರುತ್ತಾರೆ. ತಲೆಗೆ ಬಿದ್ದರೆ ನಾನೇ ಆಟದಿಂದ ತೆಗೆಯುತ್ತೇನೆ ಎಂದು ಮೊದಲೇ ಹೇಳಿದ ಮನೆಗಳಿಂದ ಹುಡುಗಿಯರು ಬಂದಿದ್ದಾರೆ.

ಇನ್ನು ತಲೆಗೆ ಏಟು ಎಂದು ನೆಪ ಹೇಳಿ ಆಟಗಾರರನ್ನು ಬದಲಿಸಿ ಮೋಸ ಮಾಡುತ್ತಾರೆ ಎನ್ನುವ ಮಾತು. ಕ್ರಿಕೆಟ್ ಉದಾಹರಣೆ ಕೊಡುತ್ತಾರೆ. 2020ರಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜ ಬದಲಿಗೆ ಬಂದ ಚಾಹಲ್ ಮೂರು ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದರು. 2025ರಲ್ಲಿ ಪುಣೆಯಲ್ಲಿ ಶಿವಂ ದುಬೆ ಬದಲು ಹರ್ಷಿತ್ ರಾಣಾ ಬಂದಾಗ ಇಂಗ್ಲೆಂಡಿನವರು ಕಿಡಿಕಾರಿದರು. ಕ್ರಿಕೆಟ್‌ನಲ್ಲಿ ಬದಲಿ ಆಟಗಾರ ಬೌಲ್ ಮಾಡುವಂತಿಲ್ಲದ ಕಾರಣ ಹೊಸ ನಿಯಮ ಮಾಡಬೇಕಾಯಿತು, ಹೊಸ ನಿಯಮಕ್ಕೆ ಹೊಸ ಕಳ್ಳದಾರಿ ಹುಟ್ಟಿತು. ಕಬಡ್ಡಿಗೆ ಈ ತಲೆನೋವೇ ಇಲ್ಲ. ಏಳು ಜನ ಒಳಗೆ, ಐದು ಜನ ಬೆಂಚಿನಲ್ಲಿ, ಬದಲಾವಣೆಗೆ ಅವಕಾಶ ಮೊದಲಿನಿಂದಲೂ ಇದೆ. ಬೇಕಾಗಿರುವುದು ಹೊರಗೆ ಹೋದವಳು ಆ ದಿನ ವಾಪಸು ಬರುವಂತಿಲ್ಲ ಎನ್ನುವುದೊಂದೇ.

ಕ್ರಿಕೆಟ್‌ನಿಂದ ಕಲಿಯಬೇಕಾದದ್ದು ಬೇರೆ ಇದೆ. 2019ರ ಆಗಸ್ಟ್, ಲಾರ್ಡ್ಸ್. ಆರ್ಚರ್ ಎಸೆತ ಸ್ಟೀವ್ ಸ್ಮಿತ್ ಕತ್ತಿಗೆ ಬಡಿಯಿತು. ವೈದ್ಯರಿದ್ದರು, ಪರೀಕ್ಷೆ ಮಾಡಿದರು, ಸ್ಮಿತ್ ಪಾಸಾದರು, ಮುಕ್ಕಾಲು ಗಂಟೆಯಲ್ಲಿ ವಾಪಸು ಬಂದು ಆಡಿ 92ಕ್ಕೆ ಔಟಾದರು. ಮರುದಿನ ಬೆಳಿಗ್ಗೆ ತಲೆನೋವು, ಮಂಕು. ಅವರ ಬದಲಿಗೆ ಲಾಬುಶೇನ್ ಬಂದರು, ಟೆಸ್ಟ್ ಇತಿಹಾಸದ ಮೊದಲ ಕನ್‌ಕಷನ್ ಬದಲಿ. ಮುಂದಿನ ಟೆಸ್ಟ್‌ಗೂ ಸ್ಮಿತ್ ಇಲ್ಲ. ಲಾರ್ಡ್ಸ್‌ನಲ್ಲಿ, ಅಷ್ಟು ವೈದ್ಯರ ನಡುವೆ, ಲಕ್ಷಣ ಮರುದಿನ ಕಾಣಿಸಿತು ಎಂದ ಮೇಲೆ ನಮ್ಮ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎರಡು ನಿಮಿಷ ನೋಡಿ ‘ಸರಿಯಾಗವ್ಳೆ, ಆಡ್ಸಿ’ ಎನ್ನುವ ಧೈರ್ಯ ಯಾರಿಗಾದರೂ ಹೇಗೆ ಬರುತ್ತದೆ?

ಕಬಡ್ಡಿ ರೆಫ್ರಿಗೆ ಒಂದು ಅನುಕೂಲವೂ ಇದೆ. ರೈಡರ್ ಉಸಿರು ಬಿಡದೆ ಸ್ಪಷ್ಟವಾಗಿ ‘ಕಬಡ್ಡಿ ಕಬಡ್ಡಿ’ ಎನ್ನಲೇಬೇಕು, ನಾವು ಕಿವಿಗೊಟ್ಟು ಕೇಳಲೇಬೇಕು. ನಾಲಗೆ ತಡವರಿಸಿದರೆ, ಎಂದಿನ ಲಯ ತಪ್ಪಿದರೆ ಪಕ್ಕದಲ್ಲೇ ಓಡುವ ನಮಗೆ ಗೊತ್ತಾಗುತ್ತದೆ. ಪೆಟ್ಟು ಬಿದ್ದ ಮೇಲಿನ ರೈಡ್‌ನಲ್ಲಿ ಅದನ್ನು ಫೌಲ್ ಹಿಡಿಯಲು ಮಾತ್ರ ಕೇಳಬಾರದು.

ರಾಜ್ಯ ಮಟ್ಟದ ಸರ್ಟಿಫಿಕೇಟಿಗೆ, ಸಿಇಟಿಯ ಕ್ರೀಡಾ ಕೋಟಾಕ್ಕೆ, ಪೊಲೀಸ್, ರೈಲ್ವೆ ಕೆಲಸದ ಆಸೆಗೆ ಮಕ್ಕಳು ಆಡುತ್ತಾರೆ. ಒಂದೇ ದಿನ ಮೂರು ನಾಲ್ಕು ಪಂದ್ಯ ಮುಗಿಸುವ ನಮ್ಮ ವಲಯ ಮಟ್ಟದ ಕೂಟಗಳಲ್ಲಿ ಬೆಳಿಗ್ಗೆ ಬಿದ್ದವಳು ಮಧ್ಯಾಹ್ನ ಮತ್ತೆ ಕಣದಲ್ಲಿರುತ್ತಾಳೆ. ಅವಳ ಮುಂದೆ ನಿಂತು ಆಡ್ತೀಯಾ ಎಂದರೆ ಅವಳು ಏನು ಹೇಳಬೇಕು? ಬ್ರಿಟನ್ನಿನಲ್ಲಿ ಹಳ್ಳಿ, ಶಾಲಾ ಮಟ್ಟದ ಆಟಗಳಿಗೆಂದೇ 2023ರಲ್ಲಿ ಸೂಚನೆ ಹೊರಡಿಸಿದ್ದಾರೆ. ಅನುಮಾನವಿದ್ದರೆ ಕೂರಿಸಿ, ಕನಿಷ್ಠ 21 ದಿನ ಸ್ಪರ್ಧೆ ಬೇಡ, ಪಾಠಕ್ಕೆ ಮರಳಿದ ಮೇಲೇ ಆಟಕ್ಕೆ. ನಮ್ಮ ಶಿಕ್ಷಣ ಇಲಾಖೆ ಒಂದು ಸುತ್ತೋಲೆಯಲ್ಲಿ ಇಷ್ಟನ್ನು ಹೇಳಬಹುದು. ಸುತ್ತೋಲೆ ಹೊರಡಿಸುವುದರಲ್ಲಿ ನಮ್ಮ ಇಲಾಖೆಗೆ ಸಾಟಿಯಿಲ್ಲ.

ಅಷ್ಟರವರೆಗೆ ನಾನು ಒಂದು ಚೀಟಿ ಮಾಡಿಕೊಂಡಿದ್ದೇನೆ. ಪೆಟ್ಟು ಬಿದ್ದವಳ ಜೊತೆ ಮನೆಗೆ ಕಳಿಸಲು. ‘ನಿಮ್ಮ ಮಗಳಿಗೆ ಇವತ್ತು ಆಟದಲ್ಲಿ ತಲೆಗೆ ಏಟು ಬಿದ್ದಿದೆ. ರಾತ್ರಿ ಒಬ್ಬಳೇ ಮಲಗಿಸಬೇಡಿ. ತಲೆನೋವು ಹೆಚ್ಚುತ್ತ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೆ ಏಳದಿದ್ದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಜೋಮು ಹಿಡಿದರೆ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಎರಡು ದಿನ ಮೊಬೈಲ್, ಟಿವಿ ಕಡಿಮೆ. ಡಾಕ್ಟರ್ ಬರೆದುಕೊಡುವವರೆಗೆ ಆಟ ಇಲ್ಲ.’ ಓದು ಬಾರದ ತಾಯಂದಿರಿಗೆ ನಾನೇ ಫೋನಿನಲ್ಲಿ ಓದಿ ಹೇಳುತ್ತೇನೆ. ಕಳೆದ ಕೂಟದಲ್ಲಿ ಇದರ ಜೆರಾಕ್ಸ್ ಹಂಚಲು ಹೋದಾಗ ಸಂಘಟಕರೊಬ್ಬರು ಹಿಂದೆ ಮುಂದೆ ತಿರುಗಿಸಿ ನೋಡಿದರು. ‘ಇದಕ್ಕೆ ಸೀಲ್ ಯಾರು ಹಾಕೋದು ಮೇಡಂ? ನಾಳೆ ಏನಾದ್ರೂ ಆದ್ರೆ ನಮ್ ಮೇಲೆ ಬರುತ್ತೆ’ ಎಂದರು. ಸದ್ಯಕ್ಕೆ ನನ್ನ ಸಹಿ, ನನ್ನ ಮೊಬೈಲ್ ನಂಬರ್ ಬರೆದು ಕಳಿಸುತ್ತಿದ್ದೇನೆ.